ಮಿಲಿಟರಿ ಲಾರಿಯೂ ಶುಕ್ರವಾರದ ಹತ್ತೂಮುಕ್ಕಾಲೂ

ಶುಕ್ರವಾರ ನಮ್ಮ ಮನೆಯಲ್ಲಿ ಬೆಳಗಾಗುವುದು ಹೊಸ್ತಿಲಿನಿಂದ. ಐದೂವರೆಗೆ ಎದ್ದು ಹಾಲನ್ನು ಒಲೆಯ ಮೇಲಿಟ್ಟು, ಅದು ಉಕ್ಕುವುದರೊಳಗೆ ಹೊಸ್ತಿಲಿಗೆ ಅರಿಸಿನ ಬಳಿದು, ಅಂಗಳಕ್ಕೆ ನೀರು ಚಿಮುಕಿಸಿ, ರಂಗೋಲಿ ಎಳೆದು ಒಳಗೆ ಓಡಿಬರಬೇಕು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಹಾಲು ಉಕ್ಕಿ ಚೆಲ್ಲಿದ್ದು ಮೂರೇ ಸಲ, ಮೂರು ಸಲವೂ ಫೋನು ಬಂದಿತ್ತು. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಹೇಳಿಕೊಳ್ಳುವಂಥದ್ದು ಇದ್ದಾಗ ಹೇಳಿಕೊಳ್ಳಬೇಕು. ಈಚಿನ ನಾಲ್ಕು ವರ್ಷಗಳಿಂದ ಈ ಕೆಲಸಗಳಿಗೆ ಇನ್ನೊಂದು ಸೇರಿತ್ತು. ರಂಗೋಲಿ ಮುಗಿಸಿ ಏಳುವಾಗ ತಲೆಗೆ ತಗಲುತ್ತಿದ್ದ ಒಂದು ದಪ್ಪ ಕಬ್ಬಿಣದ ಬಂಪರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅದಕ್ಕೂ ಒಂದು ಬೊಟ್ಟು ಕುಂಕುಮ ಇಡುವುದು. ಆ ಬಂಪರಿನ ಹಿಂದೆ ಒಂದು ಮಿಲಿಟರಿ ಲಾರಿ ನಿಂತಿತ್ತು.

ನನ್ನ ಯಜಮಾನರು ವೇಮಗಲ್ಲಿನ ಕಾರ್ಖಾನೆಯೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಯಲ್ದೂರಿನ ಹತ್ತಿರ ನಮಗೆ ಮನೆ, ಮನೆಯ ಹಿಂದೆ ಓಣಿ, ಓಣಿಯ ಆಚೆ ಸ್ವಲ್ಪ ಮಾವಿನ ತೋಪು. ದಿನವಿಡೀ ಕಾರ್ಖಾನೆಯ ಯಂತ್ರ ರಿಪೇರಿ ಮಾಡಿ ಬಂದ ಮನುಷ್ಯನಿಗೆ ಮನೆಯಲ್ಲಿ ಯಂತ್ರ ಕಂಡರೆ ಬೇಸರ ಬರಬೇಕು ಎಂದು ನೀವು ತಿಳಿದಿದ್ದರೆ ನಿಮಗೆ ಗಂಡಸರ ವಿಷಯ ತಿಳಿಯದು. ನಾಲ್ಕು ವರ್ಷದ ಹಿಂದೆ ಸೈನ್ಯದವರು ಬೇಡವೆಂದು ಬಿಟ್ಟ ಸಾಮಾನುಗಳ ಹರಾಜಿಗೆ ಹೋದರು. ಹೋಗುವಾಗ ಹೇಳಿದ್ದು, ತೋಪಿಗೆ ನೀರು ಹಾಯಿಸಲು ಒಂದು ಸಣ್ಣ ಜನರೇಟರ್ ತರುತ್ತೇನೆ ಎಂದು. ಬಂದದ್ದು ಒಂದು ಉದ್ದನೆಯ ಟ್ರೇಲರಿನ ಮುಂದಿನ ಸೀಟಿನಲ್ಲಿ ಕೂತು. ಟ್ರೇಲರಿನ ಬೆನ್ನ ಮೇಲೆ ಈ ಲಾರಿ, ಕಲ್ಯಾಣಮಂಟಪಕ್ಕೆ ಬಂದ ಬೀಗರ ಹಾಗೆ ಗಂಭೀರವಾಗಿ ಕೂತಿತ್ತು. "ಮಾವಿನಹಣ್ಣು ಸಾಗಿಸೋಕೆ ಕಣೇ ಶೈಲಾ" ಎಂದರು. ಹಣ್ಣು ಸಾಗಿಸಲು ನಮ್ಮಲ್ಲಿ ಟ್ರಾಕ್ಟರಿತ್ತು. ನಿಜವಾದ ಕಾರಣ ಆಮೇಲೆ ತಿಳಿಯಿತು. ಇವರು ಚಿಕ್ಕವರಿದ್ದಾಗ ಮುಳಬಾಗಿಲಿನ ಹೆದ್ದಾರಿಯಲ್ಲಿ ಇಂಥವೇ ಲಾರಿಗಳ ಸಾಲು ಹೋಗುತ್ತಿತ್ತಂತೆ. ಅದರಲ್ಲೊಬ್ಬ ಸೈನಿಕ ಇವರಿಗೆ ಕೈ ಬೀಸಿದನಂತೆ. ಒಬ್ಬ ಮನುಷ್ಯ ಒಮ್ಮೆ ಕೈ ಬೀಸಿದ್ದಕ್ಕೆ ನಲವತ್ತು ವರ್ಷದ ಮೇಲೆ ನನ್ನ ಅಂಗಳ ಅರ್ಧವಾಯಿತು.

ಅಂಗಳ ಅಂದೆನಲ್ಲ, ಅದು ಪೂರ್ತಿ ನನ್ನದೂ ಅಲ್ಲ. ಪಕ್ಕದ ಮನೆಯ ಮುನಿರತ್ನಮ್ಮನವರಿಗೂ ನಮಗೂ ಸೇರಿದ ಬಯಲು ಅದು. ಅವರು ಒಂದು ದಿನವೂ ಚಕಾರ ಎತ್ತಲಿಲ್ಲ. ಮೇಲಾಗಿ ಬಾನೆಟ್ಟಿನ ಮೇಲೆ ಮೆಣಸಿನಕಾಯಿ ಒಣಗಿಸಿಕೊಂಡರು. ಅವರ ಕೋಳಿ ಡ್ರೈವರ್ ಸೀಟಿನ ಕೆಳಗೆ ಮೊಟ್ಟೆಯಿಟ್ಟು ಎರಡು ಸಂಸಾರ ಮಾಡಿತು. ಗ್ಯಾಸ್ ಸಿಲಿಂಡರ್ ತರುವವನಿಗೆ ನಮ್ಮ ಮನೆಯ ಗುರುತು "ಮಿಲಿಟರಿ ಲಾರಿ ಮನೆ" ಎಂದಾಯಿತು. ಮದುವೆ ಮುಂಜಿಗಳಲ್ಲಿ ನಂಟರು ಮಕ್ಕಳ ಓದು ವಿಚಾರಿಸುವ ಮೊದಲು "ಅದು ಇನ್ನೂ ಅಲ್ಲೇ ನಿಂತೈತಾ?" ಎಂದು ಕೇಳಿ, ಪಕ್ಕದವರಿಗೆ ಕಣ್ಣು ಮಿಟುಕಿಸುವುದು ವಾಡಿಕೆಯಾಯಿತು. ಇವರು ಮಾತ್ರ ಜಗ್ಗಲಿಲ್ಲ. ರಜೆ ಸಿಕ್ಕಾಗಲೆಲ್ಲ ಒಂದೊಂದೇ ಅಂಗವನ್ನು ಬಿಚ್ಚಿ, ತೊಳೆದು, ಹಳೆಯ ಸೀರೆಯ ತುಂಡಿನ ಮೇಲೆ ಸಾಲಾಗಿ ಇಡುತ್ತಿದ್ದರು. ಆ ಸೀರೆ ಹಳೆಯದು ಎಂದು ತೀರ್ಮಾನಿಸಿದವರೂ ಅವರೇ.

ನಾನು ಮೊದಲ ವರ್ಷ ಮುನಿಸಿಕೊಂಡಿದ್ದೆ. ಎರಡನೆಯ ವರ್ಷ ಒಂದು ದಿನ ಕಸ ಹೊಡೆಯಲೆಂದು ಕ್ಯಾಬಿನ್ನಿಗೆ ಹತ್ತಿದೆ. ಸೀಟಿನ ಹಿಂದೆ ಮೂರು ಹಲ್ಲು ಮುರಿದ ಬಾಚಣಿಗೆ ಸಿಕ್ಕಿತು. ಅದರ ಪಕ್ಕದಲ್ಲಿ ಖಾಕಿ ದಾರದ ಉಂಡೆ, ಸೂಜಿ ಚುಚ್ಚಿದ ಹಾಗೇ ಇತ್ತು. ಯಾವ ತಾಯಿಯ ಮಗನೋ ಎಲ್ಲೋ ಹಿಮದಲ್ಲಿ ಕೂತು ಗುಂಡಿ ಹೊಲಿದುಕೊಂಡಿದ್ದಾನೆ, ತಲೆ ಬಾಚಿಕೊಂಡಿದ್ದಾನೆ. ಆ ದಾರದಲ್ಲೇ ಇವರ ಅಂಗಿಗೊಂದು ಗುಂಡಿ ಹೊಲಿದೆ. ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾದರೂ ಗುಂಡಿ ಇನ್ನೂ ಬಿದ್ದಿಲ್ಲ. ಆವತ್ತಿನಿಂದ ಲಾರಿಯ ಮೇಲೆ ನನಗೆ ಕೋಪ ಉಳಿಯಲಿಲ್ಲ. ಇದನ್ನು ಇವರಿಗೆ ಹೇಳಲಿಲ್ಲ. ಹೆಂಡತಿ ಸೋತಳೆಂದು ತಿಳಿದರೆ ಮರುದಿನವೇ ಇನ್ನೊಂದು ಹರಾಜಿಗೆ ಹೊರಡುವ ಜಾತಿ.

ನಾನು ಲಾರಿಯ ಕೆಲಸಕ್ಕೇ ಇಳಿದದ್ದು ಅದರ ಪುಸ್ತಕದಿಂದ. ಲಾರಿಯ ಜೊತೆ ಒಂದು ದಪ್ಪ ಇಂಗ್ಲಿಷ್ ಕೈಪಿಡಿ ಬಂದಿತ್ತು, ಹಾಳೆ ಹಾಳೆಗೂ ಎಣ್ಣೆಯ ಹೆಬ್ಬೆಟ್ಟು. ಇವರಿಗೆ ಇಂಗ್ಲಿಷ್ ಬರುತ್ತದೆ. ಆದರೆ ಆ ಪುಸ್ತಕದ ಒಂದು ವಾಕ್ಯ ಅರ್ಧ ಪುಟ ನಡೆಯುತ್ತಿತ್ತು. ನಾನು ಕೋಲಾರದ ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಸಿಸ್ಟರ್ ಒಬ್ಬರು ಗಟ್ಟಿಯಾಗಿ ಓದುವುದನ್ನು ಕಲಿಸಿದ್ದೇ ಕಲಿಸಿದ್ದು: ಅಲ್ಪವಿರಾಮಕ್ಕೆ ಒಂದು ಎಣಿಕೆ, ಪೂರ್ಣವಿರಾಮಕ್ಕೆ ಎರಡು, ಕೊರಳು ಎತ್ತಿ, ಭುಜ ಇಳಿಸಿ. ಈ ವಿದ್ಯೆ ಮದುವೆಯಾದ ಮೇಲೆ ಔಷಧಿ ಬಾಟಲಿಯ ಚೀಟಿ ಓದುವುದಕ್ಕೆ ಬಿಟ್ಟರೆ ಇನ್ಯಾತಕ್ಕೂ ಬಂದಿರಲಿಲ್ಲ. ಈಗ ಸ್ಟೂಲು ಹಾಕಿಕೊಂಡು ಲಾರಿಯ ಪಕ್ಕ ಕೂತು, ಒಂದೊಂದು ವಾಕ್ಯವನ್ನು ಓದಿ, ಕನ್ನಡದಲ್ಲಿ ಬಿಡಿಸಿ ಹೇಳತೊಡಗಿದೆ. ಗಾಡಿಯ ಅಡಿಯಲ್ಲಿ ಮಲಗಿ ಕೇಳುತ್ತಿದ್ದವರು ಇಬ್ಬರು. ಒಬ್ಬರು ಇವರು, ಇನ್ನೊಬ್ಬರು ಗೌನಿಪಲ್ಲಿಯ ವೆಂಕಟಸ್ವಾಮಿ ಮೇಸ್ತ್ರಿ. ಮೇಸ್ತ್ರಿಗೆ ಅರವತ್ತು ದಾಟಿದೆ. ಎಂಜಿನ್ನಿನ ಮೇಲೆ ಕಿವಿಯಿಟ್ಟು ರೋಗ ಹೇಳುವವರು. ಅವರ ಮಾತು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಮನೆ ಸೇರುತ್ತದೆ. ಕೈಪಿಡಿಯ ಬಗ್ಗೆ ಅವರಿಗೆ ಮೊದಮೊದಲು ತಾತ್ಸಾರವಿತ್ತು. "ಬುಕ್ಕು ಬರೆದೋನು ಒಂದಿನಾನೂ ಗ್ರೀಸ್ ಮುಟ್ಟಿಲ್ಲಮ್ಮಾ" ಎನ್ನುತ್ತಿದ್ದರು. ಕ್ರಮೇಣ ನನ್ನ ಪೂರ್ಣವಿರಾಮಕ್ಕೆ ಕಾಯುವುದು ಅಭ್ಯಾಸವಾಯಿತು. ಗಾಡಿಯ ಅಡಿಯಿಂದ ದನಿ ಬರುತ್ತಿತ್ತು: "ಅಮ್ಮಾ, ಫುಲ್‌ಸ್ಟಾಪ್ ಬಂತಾ? ನಟ್ಟು ಬಿಚ್ಚಲಾ?"

ಹೀಗೆ ಎಲ್ಲವೂ ನೆಮ್ಮದಿಯಾಗಿ, ಅಂದರೆ ಯಾವ ಪ್ರಗತಿಯೂ ಕಾಣದೆ, ನಡೆದಿತ್ತು. ಅಷ್ಟರಲ್ಲಿ ಮುನಿರತ್ನಮ್ಮನವರ ಮಗಳಿಗೆ ಮದುವೆ ಗೊತ್ತಾಯಿತು. ನಿಶ್ಚಿತಾರ್ಥದ ಊಟದಲ್ಲಿ, ಪಂಕ್ತಿಯ ನಡುವೆ, ಯಾರೋ ನಂಟರು "ಚಪ್ಪರ ಎಲ್ಲಿ ಹಾಕ್ತೀರಿ? ಲಾರಿ ಮೇಲಾ?" ಎಂದು ನಗಾಡಿದರು. ನಮ್ಮವರ ಕೈಯಲ್ಲಿದ್ದ ಹೋಳಿಗೆ ಎಲೆಗೆ ವಾಪಸು ಹೋಯಿತು. "ಚಪ್ಪರ ಏಳೋ ಹಿಂದಿನ ದಿನ ಸಾಯಂಕಾಲ ಐದರೊಳಗೆ ಲಾರಿ ತನ್ನ ಕಾಲ ಮೇಲೆ ತಾನು ತೋಪಿಗೆ ಹೋಗುತ್ತೆ. ಹೋಗ್ಲಿಲ್ಲಾಂದ್ರೆ ಐದು ಗಂಟೆಗೆ ಗುಜರಿಯೋನು ಬಂದು ಕತ್ತರಿಸ್ಕೊಂಡು ಹೋಗ್ತಾನೆ" ಎಂದು ಪಂಕ್ತಿಗೆಲ್ಲ ಕೇಳುವಂತೆ ಹೇಳಿಬಿಟ್ಟರು. ಅಷ್ಟಕ್ಕೇ ಬಿಟ್ಟಿದ್ದರೆ ಮಾತು ಮಾತಾಗಿ ಉಳಿಯುತ್ತಿತ್ತು. ಮರುದಿನ ಮಾಲೂರಿನ ಗುಜರಿಯವರಿಗೆ ಫೋನು ಮಾಡಿ, ಗ್ಯಾಸ್ ಕಟರ್ ಸಮೇತ ಬರುವಂತೆ ದಿನವನ್ನೂ ಗೊತ್ತು ಮಾಡಿದರು. ಅವರ ವಂಶದಲ್ಲೇ ಹಾಗೆ. ಮಾತು ಕೊಟ್ಟಮೇಲೆ ಅದಕ್ಕೆ ಬೀಗ ಹಾಕಿ ಬೀಗದಕೈಯನ್ನು ಬಾವಿಗೆ ಎಸೆಯುತ್ತಾರೆ.

ಆ ದಿನವೇ ಈ ಶುಕ್ರವಾರ. ಬಂಪರಿಗೆ ಕುಂಕುಮ ಇಡುವಾಗ ನನ್ನ ಬೆರಳು ನಡುಗಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ನಡುಗಲಿಲ್ಲ. ನನಗೆ ಧೈರ್ಯವಿತ್ತು. ಬ್ರೇಕು, ಕ್ಲಚ್ಚು, ಟೈರು ಎಲ್ಲ ಮುಗಿದಿದ್ದವು. ಡೀಸೆಲ್ ಪಂಪು ಕೋಲಾರದಲ್ಲಿ ಸರಿಯಾಗಿ ಬಂದು ಕೂತಿತ್ತು. ಈ ಲಾರಿಗೆ ಒಂದು ಬ್ಯಾಟರಿ ಸಾಲದು, ಎರಡು ಬೇಕು. ನಮ್ಮ ಟ್ರಾಕ್ಟರಿನದೊಂದು, ಮುನಿರತ್ನಮ್ಮನವರ ಟ್ರಾಕ್ಟರಿನದೊಂದು ಬಿಚ್ಚಿ ತಂದು ಜೋಡಿಸಿದ್ದೆವು. ಇನ್ನು ಉಳಿದದ್ದು ಡೀಸೆಲ್ ಹರಿಯುವ ಕೊಳವೆಗಳಲ್ಲಿ ಸಿಕ್ಕಿಕೊಂಡ ಗಾಳಿಯನ್ನು ತೆಗೆಯುವುದು, ಸ್ಟಾರ್ಟ್ ಮಾಡುವುದು, ಅಷ್ಟೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಆದ್ದರಿಂದ ಹನ್ನೆರಡೂಕಾಲಕ್ಕೆ ನಿಂಬೆಹಣ್ಣು ತುಳಿಸಿ ಸ್ಟಾರ್ಟ್ ಮಾಡುವುದೆಂದೂ, ಅಲ್ಲಿಯವರೆಗೆ ಗಾಳಿ ತೆಗೆಯುವುದೆಂದೂ ಗೊತ್ತುಪಡಿಸಿದ್ದಾಯಿತು. ಗಾಳಿ ತೆಗೆಯುವುದು ಬರೀ ಕೆಲಸ, ಅದಕ್ಕೆ ರಾಹು ಬರುವುದಿಲ್ಲ ಎಂದು ಮೇಸ್ತ್ರಿಯೇ ತೀರ್ಪು ಕೊಟ್ಟಿದ್ದರು.

ಇಲ್ಲಿ ಒಂದು ಮಾತು. ರಾಹುಕಾಲ, ಯಮಗಂಡ, ಬೆಕ್ಕು ಅಡ್ಡ ಬರುವುದು, ಇವೊಂದರಲ್ಲೂ ನನಗೆ ನಂಬಿಕೆಯಿಲ್ಲ. ಕಾನ್ವೆಂಟಿನಲ್ಲಿ ಕಲಿತ ಕೆಲವೇ ಸಂಗತಿಗಳಲ್ಲಿ ಇದೂ ಒಂದು. ಗಡಿಯಾರದಲ್ಲಿ ಹನ್ನೆರಡು ಅಂಕಿಗಳಿವೆ, ಯಾವ ಅಂಕಿಯೂ ಕೆಟ್ಟದ್ದಲ್ಲ ಎನ್ನುತ್ತಿದ್ದರು ನಮ್ಮ ಸಿಸ್ಟರ್. ಮನೆಯಲ್ಲಿ ಹಿರಿಯರಿದ್ದಾರೆ, ಅವರ ಮನಸ್ಸು ನೋಯಬಾರದು ಎಂದಷ್ಟೇ ನಾನು ಕ್ಯಾಲೆಂಡರ್ ನೋಡುವುದು. ಹೀಗೆಂದು ನಾನು ನಾಲ್ಕು ಜನರೆದುರು ಹೇಳಿದ್ದೇನೆ, ಅದೂ ಬಹಳ ಸಲ.

ಒಂಬತ್ತರಿಂದ ಕೆಲಸ ಶುರುವಾಯಿತು. ಅತ್ತೆಯವರು ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ನಾನು ಓದಿದೆ, ಮೇಸ್ತ್ರಿ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದರು. ಡೀಸೆಲ್ಲಿನ ಜೊತೆ ಗುಳ್ಳೆಗಳು ಬಂದವು. ಗುಳ್ಳೆ ನಿಂತಿತೋ ಇಲ್ಲವೋ ಎಂಬುದರ ಬಗ್ಗೆ ಗಂಡಸರಿಬ್ಬರಿಗೂ ವಾದ ಹತ್ತಿತು. ನಾನು ಬಗ್ಗಿ ನೋಡಿ, "ಇನ್ನೂ ಇದೆ. ಪಾಕಕ್ಕೆ ಎಳೆ ಬರೋ ಮುಂಚೆ ಹೀಗೇ ಸಣ್ಣ ಗುಳ್ಳೆ ಇರುತ್ತೆ. ಅದು ನಿಂತು ಮಿರಿಮಿರಿ ಅಂದಾಗ ಮುಚ್ಚಿ" ಎಂದೆ. ಮೇಸ್ತ್ರಿ ಇನ್ನೂ ಇಪ್ಪತ್ತು ಸಲ ಒತ್ತಿದರು. ಮಿರಿಮಿರಿ ಬಂತು. "ಮೈಸೂರುಪಾಕ್ ಮಾಡೋರು ಡೀಸೆಲ್ ಗಾಡಿ ಮಾಡಬೌದು ಸಾರ್" ಎಂದು ಇವರಿಗೆ ಹೇಳಿದರು. ನಾನು ಕೇಳಿಸದವಳಂತೆ ಹಾಳೆ ತಿರುವಿದೆ. ಕೇಳಿಸಿತ್ತು, ಎರಡು ಸಲ ಹೇಳಿದ್ದರೂ ಆಗುತ್ತಿತ್ತು.

ಆಮೇಲಿನದು ಎಂಜಿನ್ನಿನ ತಲೆಗೆ ಹೋಗುವ ಕೊಳವೆಗಳ ಗಾಳಿ. ಅವುಗಳ ನಟ್ಟು ಸಡಿಲಿಸಿ, ಸೆಲ್ಫ್ ಹೊಡೆದು, ಅಂದರೆ ಬ್ಯಾಟರಿಯ ಬಲದಿಂದ, ಎಂಜಿನ್ ತಿರುಗಿಸಬೇಕು. ಡೀಸೆಲ್ ಚಿಮ್ಮಿದಾಗ ನಟ್ಟು ಬಿಗಿಯಬೇಕು. ಇವರು ಮೇಲೆ ಕೂತು ಗುಂಡಿ ಒತ್ತುತ್ತಿದ್ದರು, ಲಾರಿ ಗುರ್ ಗುರ್ ಎಂದು ತಿರುಗಿ ಸುಮ್ಮನಾಗುತ್ತಿತ್ತು. ಒಂದು, ಎರಡು, ಹೀಗೇ ಒಂದೂವರೆ ಗಂಟೆ. ಕೊನೆಯ ನಟ್ಟನ್ನೂ ಬಿಗಿದ ಮೇಸ್ತ್ರಿ, "ಒಕ ಸಾರಿ ಒತ್ತಿ ಸಾರ್, ಎಲ್ಲಾದ್ರೂ ಒಸರ್ತೈತಾ ನೋಡೋಣ" ಎಂದರು. ಇವರು ಒತ್ತಿದರು.

ಲಾರಿ ಮೊದಲು ಕೆಮ್ಮಿತು. ಆಮೇಲೆ ಹೊಗೆಕೊಳವೆಯಿಂದ ಹಳೆಯ ಕಸ, ಒಣಗಿದ ಎಲೆ, ಜೇಡನ ಮನೆ ಎಲ್ಲವನ್ನೂ ಒಟ್ಟಿಗೆ ಉಗುಳಿತು. ಆಮೇಲೆ ಇಡೀ ಅಂಗಳ ನಡುಗುವ ಹಾಗೆ ಧಡಧಡ ಎಂದು ಓಡತೊಡಗಿತು. ಕೋಳಿಗಳು ಬೇಲಿ ಹಾರಿದವು. ಮೇಸ್ತ್ರಿ ನಟ್ಟು ಬಿಗಿಯುವ ಪಾನಾವನ್ನು ತಲೆಯ ಮೇಲೆ ಎತ್ತಿ ಹಿಡಿದು, "ಪಟ್ಟಿಂದೀ! ಪಟ್ಟಿಂದೀ!" ಎಂದು ಕುಣಿದರು. ಹಿಡಿಯಿತು, ಎಂಜಿನ್ ಹಿಡಿಯಿತು! ಕ್ಯಾಬಿನ್ನಿನಲ್ಲಿ ಇವರ ಮುಖ ನೋಡಬೇಕಿತ್ತು. ಹೆದ್ದಾರಿಯ ಬದಿಯಲ್ಲಿ ನಿಂತ ಎಂಟು ವರ್ಷದ ಮುಖ. ಆಗ ಕಿಟಕಿಯ ಮೂಲಕ ಒಳಗಿನ ಗೋಡೆ ಗಡಿಯಾರ ಕಣ್ಣಿಗೆ ಬಿತ್ತು. ಹತ್ತೂಮುಕ್ಕಾಲು.

"ಆಫ್ ಮಾಡ್ರೀ! ಆಫ್ ಮಾಡೀ! ರಾಹುಕಾಲ!"

ಎಂಜಿನ್ನಿನ ಸದ್ದನ್ನೂ ಮೀರಿದ ಆ ಕೂಗು ಯಾರದೆಂದು ನಾನೇ ಒಂದು ಕ್ಷಣ ಸುತ್ತ ನೋಡಿದೆ. ನನ್ನದೇ. ಇಪ್ಪತ್ತೆರಡು ವರ್ಷ ನಾನು ಹೇಳಿದ ಒಂದು ಮಾತನ್ನೂ ಮೊದಲ ಸಲಕ್ಕೆ ಕೇಳದ ಇವರು ಆವತ್ತು ಕೇಳಿದರು. ನಿಲ್ಲಿಸುವ ಗುಂಡಿಯನ್ನು ಎಳೆದರು. ಲಾರಿ ನಿಟ್ಟುಸಿರು ಬಿಟ್ಟು ನಿಂತಿತು. ಮೇಸ್ತ್ರಿಯ ಪಾನಾ ತಲೆಯ ಮೇಲೆಯೇ ಇತ್ತು.

ಜಗಲಿಯಿಂದ ಅತ್ತೆಯವರು ಹುಣಸೆಬೀಜ ಕೆಳಗಿಟ್ಟು ಕೇಳಿದರು: "ಏನಮ್ಮಾ, ರಾಹುಕಾಲದಾಗೆ ಮಗು ಹುಟ್ಟಿದ್ರೆ ವಾಪಸ್ ಒಳಕ್ ತಳ್ತೀಯೇನು? ನಿನ್ ಗಂಡ ಹುಟ್ಟಿದ್ದೇ ರಾಹುಕಾಲದಾಗೆ. ನಾನೇನ್ ಆಫ್ ಮಾಡಿದ್ನಾ?"

ನಾನು ಕೈಪಿಡಿ ಮುಚ್ಚಿ ಒಳಗೆ ಹೋದೆ. ಹಿರಿಯರಿಗೆ ಎದುರುತ್ತರ ಕೊಡಬಾರದೆಂದು ಕಾನ್ವೆಂಟಿನಲ್ಲಿ ಹೇಳಿಕೊಟ್ಟಿದ್ದರು.

ಹನ್ನೆರಡೂಕಾಲಕ್ಕೆ ಶಾಸ್ತ್ರೋಕ್ತವಾಗಿ ಚಕ್ರಗಳಿಗೆ ನಿಂಬೆಹಣ್ಣಿಟ್ಟು, ಕರ್ಪೂರ ಬೆಳಗಿ, ಕಾಯಿ ಒಡೆದು, ಇವರು ಕಣ್ಣು ಮುಚ್ಚಿ ಗುಂಡಿ ಒತ್ತಿದರು. "ಟಕ್" ಎಂದಿತು. ಇನ್ನೊಮ್ಮೆ ಒತ್ತಿದರು. ಆ ಟಕ್ಕೂ ಸಣ್ಣದಾಯಿತು. ಬೆಳಗಿನಿಂದ ಸೆಲ್ಫ್ ಹೊಡೆದು ಹೊಡೆದು ಎರಡು ಬ್ಯಾಟರಿಯೂ ಬರಿದಾಗಿದ್ದವು. ಚಾರ್ಜ್ ಮಾಡೋಣವೆಂದರೆ ಕರೆಂಟು ಹನ್ನೊಂದಕ್ಕೇ ಹೋಗಿತ್ತು. ಬಂದರೂ ಐದು ಗಂಟೆಯೊಳಗೆ ತುಂಬುವ ಬ್ಯಾಟರಿಗಳಲ್ಲ. ಟ್ರಾಕ್ಟರಿಗೆ ಕಟ್ಟಿ ಎಳೆದರೆ ಸ್ಟಾರ್ಟ್ ಆಗುತ್ತದೆ ಎಂದರು ಮೇಸ್ತ್ರಿ. ಒಳ್ಳೆಯ ಮಾತೇ. ಆದರೆ ಟ್ರಾಕ್ಟರ್ ಸ್ಟಾರ್ಟ್ ಆಗಲು ಬ್ಯಾಟರಿ ಬೇಕು. ಎರಡು ಮನೆಯ ಟ್ರಾಕ್ಟರಿನ ಬ್ಯಾಟರಿಯೂ ಲಾರಿಯ ಹೊಟ್ಟೆಯಲ್ಲಿ ಸತ್ತು ಮಲಗಿದ್ದವು. ಉಳಿದವರ ಟ್ರಾಕ್ಟರುಗಳೆಲ್ಲ ಮಾವಿನಕಾಯಿ ಹೇರಿಕೊಂಡು ಶ್ರೀನಿವಾಸಪುರದ ಮಂಡಿಗೆ ಹೋಗಿದ್ದವು.

ಊಟಕ್ಕೆ ಯಾರೂ ಏಳಲಿಲ್ಲ. ಇವರು ಲಾರಿಯ ಮೆಟ್ಟಿಲ ಮೇಲೆ ಕೂತು, ಬಾಗಿಲಿನ ಮೇಲಿದ್ದ ಸೈನ್ಯದ ಬಿಳಿ ಅಂಕಿಗಳನ್ನು ಉಗುರಿನಿಂದ ಸವರುತ್ತಿದ್ದರು. ನನ್ನನ್ನು ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗಬಹುದಿತ್ತು. ಎರಡೂವರೆಗೆ ಫೋನು ಬಂತು. ಗುಜರಿಯವರು ಮಾಲೂರು ಬಿಟ್ಟಿದ್ದರು. "ಬನ್ನಿ" ಎಂದರು ಇವರು. ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆ ಬಾಗಿಲನ್ನು, ಆ ಸೀಟನ್ನು, ನಾನು ಎರಡು ವರ್ಷ ಓದಿ ಓದಿ ಒಂದೊಂದಾಗಿ ಕೂಡಿಸಿದ ಎಂಜಿನ್ನನ್ನು ಬೆಂಕಿಯಲ್ಲಿ ಕತ್ತರಿಸುತ್ತಾರೆ, ಅದೂ ನನ್ನ ಒಂದು ಕೂಗಿನಿಂದ, ಎಂದು ನೆನೆದಾಗ ಹೊಟ್ಟೆಯಲ್ಲಿ ಕಲ್ಲಿಟ್ಟಂತಾಯಿತು.

ಕಲ್ಲು ಎಂದಾಗಲೇ ಹೊಳೆದದ್ದು. ಮುನಿರತ್ನಮ್ಮನವರ ಯಜಮಾನರು ತಮ್ಮ ಟ್ರಾಕ್ಟರನ್ನು ಯಾವತ್ತೂ ಸಮನೆಲದಲ್ಲಿ ನಿಲ್ಲಿಸುವುದಿಲ್ಲ. ಓಣಿಯ ಮೇಲ್ತುದಿಯಲ್ಲಿ, ಇಳಿಜಾರಿಗೆ ಮೂತಿ ಮಾಡಿ ನಿಲ್ಲಿಸಿ, ಚಕ್ರಕ್ಕೊಂದು ಕಲ್ಲು ಕೊಡುತ್ತಾರೆ. ಹಾಲಿಗೆ ಹೋಗುವಾಗಲೆಲ್ಲ ಆ ಕಲ್ಲು ನೋಡುತ್ತಿದ್ದೆ; ಹಳೆಯ ಒರಳಿನ ಅರ್ಧ ಅದು. ಎದ್ದು ನಿಂತು, "ರೀ, ಅವರ ಟ್ರಾಕ್ಟರಿಗೆ ಬ್ಯಾಟರಿ ಯಾತಕ್ಕೆ? ಕಲ್ಲು ತೆಗೆದರೆ ಇಳಿಜಾರಲ್ಲಿ ತಾನೇ ಸ್ಟಾರ್ಟ್ ಆಗುತ್ತಲ್ಲ!" ಎಂದೆ.

ಗಂಡಸರಿಬ್ಬರೂ ನನ್ನನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು. "ಅದೇ ನಾನೂ ಹೇಳೋಣಾಂತಿದ್ದೆ" ಎಂದರು ಮೇಸ್ತ್ರಿ.

ಮುನಿರತ್ನಮ್ಮನವರ ಯಜಮಾನರು ಲಗ್ನಪತ್ರಿಕೆ ಹಂಚಿ ಆಗಷ್ಟೇ ಬಂದು ಊಟಕ್ಕೆ ಕೂತಿದ್ದರು. ಕೈ ತೊಳೆದುಕೊಂಡೇ ಬಂದರು. ಕಲ್ಲು ತೆಗೆದರು, ಟ್ರಾಕ್ಟರ್ ಉರುಳಿತು, ಓಣಿಯ ಅರ್ಧದಲ್ಲಿ ಪಟಪಟ ಎಂದಿತು. ಲಾರಿಗೆ ಸರಪಳಿ ಬಿಗಿದರು. ಇವರು ಸ್ಟಿಯರಿಂಗ್ ಹಿಡಿದರು, ಮೇಸ್ತ್ರಿ ಫುಟ್‌ಬೋರ್ಡಿನ ಮೇಲೆ ನಿಂತರು. ನಾನು ಕೈಪಿಡಿ ಹಿಡಿದು ಪಕ್ಕದಲ್ಲಿ ಓಡುತ್ತಾ, "ಮೂರನೇ ಗೇರು! ಕ್ಲಚ್ಚು ನಿಧಾನಕ್ಕೆ!" ಎಂದು ಓದಿದೆ, ವಿರಾಮಗಳನ್ನು ಮಾತ್ರ ಬಿಟ್ಟೆ. ಸಮಯ ಮೂರೂ ಇಪ್ಪತ್ತು. ಶುಕ್ರವಾರ ಮೂರರಿಂದ ನಾಲ್ಕೂವರೆ ಯಮಗಂಡ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಜಗಲಿಯತ್ತ ನೋಡಿದರೆ ಅತ್ತೆಯವರು, "ನನ್ನೇನ್ ನೋಡ್ತೀಯ, ನಾನು ಕ್ಯಾಲೆಂಡರ್ ನೋಡ್ಲಿಲ್ಲಮ್ಮ. ಕನ್ನಡಕ ಒಳಗೈತೆ" ಎಂದರು.

ಇಪ್ಪತ್ತು ಮಾರು ಎಳೆಯುವಷ್ಟರಲ್ಲಿ ಲಾರಿ ಒಮ್ಮೆ ಮುಗ್ಗರಿಸಿತು, ಹೊಗೆ ಕಕ್ಕಿತು, ಹಿಡಿಯಿತು. ಸರಪಳಿ ಬಿಚ್ಚಿದ ಮೇಲೆ ಎಲ್ಲರ ಕಣ್ಣೆದುರು ತನ್ನ ಕಾಲ ಮೇಲೆ ತಾನು ಓಣಿ ದಾಟಿ, ತಗ್ಗಿನಲ್ಲಿದ್ದ ಕೊಂಬೆಯೊಂದರಿಂದ ನಾಲ್ಕು ಮಾವಿನಕಾಯಿ ಉದುರಿಸಿ, ತೋಪಿನ ನಡುವೆ ಹೋಗಿ ನಿಂತಿತು. ರಸ್ತೆಗಿಳಿಸುವ ಕಾಗದಪತ್ರಗಳ ಕಥೆ ಬೇರೆ. ಆವತ್ತಿಗೆ ತೋಪೇ ಸಾಕಾಗಿತ್ತು. ಗುಜರಿಯವರು ಐದಕ್ಕೆ ಸರಿಯಾಗಿ ಬಂದರು. ಇವರು ಅವರಿಗೆ ಕಾಫಿ ಕೊಡಿಸಿ, ಲಾರಿಯಲ್ಲಿ ಕೂರಿಸಿಕೊಂಡು ತೋಪಿಗೆ ಎರಡು ಸುತ್ತು ಹಾಕಿಸಿ ಕಳಿಸಿದರು.

ಸಂಜೆ ದೀಪ ಹಚ್ಚಿ ಹೊರಗೆ ಬಂದೆ. ನಾಲ್ಕು ವರ್ಷದಿಂದ ಬಿಸಿಲು ಕಾಣದ ನೆಲ ಎಣ್ಣೆಯ ಕಲೆಯೊಂದಿಗೆ ಚೌಕವಾಗಿ ಬಿದ್ದಿತ್ತು. ಮುನಿರತ್ನಮ್ಮನವರು ಅದರ ಮೇಲೆ ಸಗಣಿನೀರು ಹಾಕಿ ಗುಡಿಸುತ್ತಿದ್ದರು, ನಾಳೆ ಚಪ್ಪರಕ್ಕೆ. ಅತ್ತೆಯವರು ಜಗಲಿಯ ಮೇಲೆ ಉಳಿದ ಹುಣಸೆಹಣ್ಣನ್ನು ಉಂಡೆ ಕಟ್ಟುತ್ತಿದ್ದರು. ಮುನಿರತ್ನಮ್ಮ ಪೊರಕೆಯನ್ನು ಅಂಗೈಗೆ ಕುಟ್ಟಿ ಸರಿಮಾಡಿಕೊಂಡು, ದನಿ ತಗ್ಗಿಸಿ, ಸುಮ್ಮನೆ ಮಾತಿಗೆಂಬಂತೆ ಹೇಳಿದರು:

"ಅಲ್ಲಕ್ಕಾ, ಬೆಳಿಗ್ಗೆ ನಿಮ್ಮತ್ತೆ ಆಫ್ ಮಾಡಿ ಆಫ್ ಮಾಡಿ ಅಂತ ಕಿರುಚ್ಕೊಂಡ್ರಲ್ಲ, ನಮ್ ಅಡಿಗೆಮನೆವರ್ಗೂ ಕೇಳುಸ್ತು."

ನಾನು "ಹೌದೌದು" ಎಂದೆ. ಉಂಡೆ ಕಟ್ಟುವ ಕೈ ಜಗಲಿಯ ಮೇಲೆ ನಿಂತಿತು. ಅತ್ತೆಯವರು ನನ್ನ ಮುಖವನ್ನೇ ನೋಡಿದರು. ನಾನು ನೆಲದ ಮೇಲಿನ ಎಣ್ಣೆಯ ಕಲೆಯನ್ನು ಬಹಳ ಗಮನವಿಟ್ಟು ನೋಡಿದೆ.

"ಬೇಜಾರ್ ಮಾಡ್ಕೋಬೇಡಿ" ಎಂದರು ಮುನಿರತ್ನಮ್ಮ, ಗುಡಿಸುತ್ತಲೇ. "ನಿಮ್ಮತ್ತೆ ಹಳೇ ಕಾಲದೋರು, ಅವ್ರಿಗೇನ್ ಗೊತ್ತಾಗ್ತದೆ. ನಿಮ್ಮಂಗೆ ಓದಿದೋರು ಒಬ್ರು ಮನೇಲಿದ್ದಿದ್ದಕ್ಕೆ ಲಾರಿ ಉಳ್ಕೊಂತು."